ಸಿಎ ಇಂಟರ್‌ಮೀಡಿಯೆಟ್‌ಗೆ ಯಾವ ಪುಸ್ತಕ: ಹಣ ಕೊಡುವ ಮುನ್ನ ನೋಡಬೇಕಾದದ್ದು

ಸಿಎ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಂಡವರಿಂದ ಮೇಲಿಂದ ಮೇಲೆ ಬರುವ ಪ್ರಶ್ನೆ ಒಂದೇ: ಓದಲು ಯಾವ ಪುಸ್ತಕ ಕೊಳ್ಳಬೇಕು? ಅದರ ಬೆನ್ನಿಗೆ ಬರುವ ಪ್ರಶ್ನೆಗಳೂ ಬಹುಮಟ್ಟಿಗೆ ಅವೇ. ಪರೀಕ್ಷೆ ನಡೆಸುವ ಸಂಸ್ಥೆಯ ಪುಸ್ತಕಗಳಷ್ಟೇ ಸಾಕೇ, ಸೀನಿಯರ್ ಕೊಡುವ ಹಳೆಯ ಪುಸ್ತಕ ನಡೆದೀತೇ, ಕೋಚಿಂಗ್ ಸೇರದೆ ಅವರ ನೋಟ್ಸ್ ಮಾತ್ರ ತರಿಸಿಕೊಂಡರೆ ಆದೀತೇ ಎಂದು ಕೇಳುತ್ತಾರೆ. ಪುಸ್ತಕಗಳ ಪಟ್ಟಿಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾನೂನು, ತೆರಿಗೆ ಪದೇ ಪದೇ ಬದಲಾಗುವ ಈ ಪರೀಕ್ಷೆಯಲ್ಲಿ ಅಂಥ ಪಟ್ಟಿ ಬೇಗನೆ ಹಳತಾಗುತ್ತದೆ. ಆದ್ದರಿಂದ ಖಾಸಗಿ ಪ್ರಕಾಶಕರ ಹೆಸರುಗಳನ್ನು ಬದಿಗಿಟ್ಟು, ಯಾವ ಪುಸ್ತಕ ಕೈಗೆ ಬಂದರೂ ಅದನ್ನು ಒರೆಗೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಿ. ಬಹಳ ಮಂದಿ ಐದನೆಯ ಹಂತದಿಂದ ಆರಂಭಿಸುವುದರಿಂದಲೇ ಹಣ ವ್ಯರ್ಥವಾಗುತ್ತದೆ.

ಹಂತ 1: ಅಟೆಂಪ್ಟ್ ನಿಶ್ಚಯಿಸಿಕೊಳ್ಳಿ

ಅಟೆಂಪ್ಟ್ ಎಂದರೆ ನೀವು ಪರೀಕ್ಷೆ ಬರೆಯಲಿರುವ ತಿಂಗಳು ಮತ್ತು ವರ್ಷ. 2024ರಿಂದ ಇಂಟರ್‌ಮೀಡಿಯೆಟ್ ಪರೀಕ್ಷೆಯು ಜನವರಿ, ಮೇ ಮತ್ತು ಸೆಪ್ಟೆಂಬರ್ ಎಂದು ವರ್ಷಕ್ಕೆ 3 ಬಾರಿ ನಡೆಯುತ್ತಿದೆ. ನೋಂದಣಿಯಾದ ಮೇಲೆ 8 ತಿಂಗಳ ಅಧ್ಯಯನದ ಅವಧಿ ಪೂರ್ಣಗೊಂಡಿರಬೇಕು. ಆ ಲೆಕ್ಕ ಹಾಕಿ, ನಿಮ್ಮ ಮೊದಲ ಅಟೆಂಪ್ಟ್ ಯಾವುದು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಅಟೆಂಪ್ಟ್‌ಗೆ ಇಷ್ಟು ಮಹತ್ವ ಏಕೆಂದರೆ, ಪ್ರತಿ ಅಟೆಂಪ್ಟ್‌ಗೂ ಯಾವ ದಿನಾಂಕದವರೆಗಿನ ಕಾನೂನು, ಯಾವ ಹಣಕಾಸು ಕಾಯ್ದೆ, ಯಾವ ಅಧಿಸೂಚನೆಗಳು ಅನ್ವಯಿಸುತ್ತವೆ ಎಂಬುದನ್ನು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ಅಂದರೆ ಐಸಿಎಐ, ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ವಿದ್ಯಾರ್ಥಿಗಳ ಮಾತಿನಲ್ಲಿ ಇದಕ್ಕೆ 'ಅಪ್ಲಿಕಬಿಲಿಟಿ' ಎಂದು ಹೆಸರು. ಪರೀಕ್ಷೆಯ ಹಿಂದಿನ ದಿನದವರೆಗೆ ಆದ ತಿದ್ದುಪಡಿಗಳೆಲ್ಲ ಬರುತ್ತವೆ ಎಂದು ಭಾವಿಸಿ ಪತ್ರಿಕೆಗಳ ಸುದ್ದಿಯನ್ನೆಲ್ಲ ನೋಟ್ಸ್‌ಗೆ ಇಳಿಸುವವರಿದ್ದಾರೆ; ಅದರ ಅಗತ್ಯವಿಲ್ಲ. ಸಾಮಾನ್ಯವಾಗಿ ಪರೀಕ್ಷೆಗೆ ಸುಮಾರು 6 ತಿಂಗಳ ಹಿಂದಿನ ಒಂದು ದಿನಾಂಕಕ್ಕೆ ಗೆರೆ ಎಳೆಯಲಾಗಿರುತ್ತದೆ. ಆ ಗೆರೆಯ ಈಚೆಗಿನದು ನಿಮ್ಮ ಪಾಲಿಗಿಲ್ಲ.

ಈ ಹೊತ್ತಿನಲ್ಲಿ ಇದು ಇನ್ನಷ್ಟು ಸೂಕ್ಷ್ಮವಾದ ಸಂಗತಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದ್ದು, 2026ರ ಏಪ್ರಿಲ್ 1 ಅದರ ಜಾರಿಯ ದಿನಾಂಕ. ಹೊಸ ಕಾಯ್ದೆಯಲ್ಲಿ 536 ಸೆಕ್ಷನ್‌ಗಳಿವೆ. ಹಳೆಯ ಸೆಕ್ಷನ್ ಸಂಖ್ಯೆಗಳು ಬಹುತೇಕ ಬದಲಾಗಿವೆ. ಎಲ್ಲರ ಬಾಯಲ್ಲಿರುವ 80ಸಿ ಈಗ 123. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಎಂಬ ಜೋಡಿಯನ್ನು ಕೈಬಿಟ್ಟು 'ಟ್ಯಾಕ್ಸ್ ಇಯರ್' ಎಂಬ ಒಂದೇ ಪರಿಕಲ್ಪನೆಯನ್ನು ತರಲಾಗಿದೆ. ಕಾಯ್ದೆ ಜಾರಿಗೆ ಬಂದ ದಿನದಿಂದಲೇ ಅದು ಪರೀಕ್ಷೆಗೂ ಬರುತ್ತದೆ ಎಂದಾಗಲೀ, ಇನ್ನೂ ಒಂದು ವರ್ಷ ಹಳೆಯದೇ ನಡೆಯುತ್ತದೆ ಎಂದಾಗಲೀ ಊಹಿಸಬೇಡಿ. ನಿಮ್ಮ ಅಟೆಂಪ್ಟ್‌ಗೆ ಸಂಬಂಧಿಸಿದ ಪ್ರಕಟಣೆಯನ್ನು ಸಂಸ್ಥೆಯ ಜಾಲತಾಣದಲ್ಲಿ ನೀವೇ ಓದಿ. ಅದನ್ನು ಓದುವವರೆಗೆ ತೆರಿಗೆಯ ಯಾವ ಪುಸ್ತಕಕ್ಕೂ ಹಣ ಕೊಡಬೇಡಿ.

ಹಂತ 2: ಪುಸ್ತಕ ಯಾವ ಸ್ಕೀಮ್‌ನದು ಎಂದು ನೋಡಿ

ಸಂಸ್ಥೆಯ ಈಗಿನ ಶಿಕ್ಷಣ ಮತ್ತು ತರಬೇತಿ ಯೋಜನೆಯು 2023ರ ಜುಲೈ 1ರಿಂದ ಜಾರಿಗೆ ಬಂತು. ಇಂಟರ್‌ಮೀಡಿಯೆಟ್‌ನಲ್ಲಿ ಅದರ ಪ್ರಕಾರ ಮೊದಲ ಪರೀಕ್ಷೆ ನಡೆದದ್ದು 2024ರ ಮೇ ತಿಂಗಳಲ್ಲಿ. ಹಳೆಯ ಯೋಜನೆಯಲ್ಲಿ 8 ಪತ್ರಿಕೆಗಳಿದ್ದವು, ಈಗ 6. ಮೊದಲ ಗ್ರೂಪ್‌ನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್, ಕಾರ್ಪೊರೇಟ್ ಮತ್ತು ಇತರ ಕಾನೂನುಗಳು ಹಾಗೂ ತೆರಿಗೆ. ಎರಡನೆಯದರಲ್ಲಿ ಕಾಸ್ಟ್ ಮತ್ತು ಮ್ಯಾನೇಜ್‌ಮೆಂಟ್ ಅಕೌಂಟಿಂಗ್, ಆಡಿಟಿಂಗ್ ಮತ್ತು ನೀತಿಸಂಹಿತೆ ಹಾಗೂ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್. ಗ್ರೂಪ್ ಎಂದರೆ ಒಟ್ಟಿಗೆ ಉತ್ತೀರ್ಣವಾಗಬೇಕಾದ ಮೂರು ಪತ್ರಿಕೆಗಳ ಕಟ್ಟು.

ಹಳೆಯ ಪುಸ್ತಕವನ್ನು ಗುರುತಿಸುವುದು ಕಷ್ಟವಲ್ಲ. ಕಾನೂನಿನ ಪುಸ್ತಕದಲ್ಲಿ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಅಧ್ಯಾಯವಿದ್ದರೆ, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಜೊತೆಗೆ ಅರ್ಥಶಾಸ್ತ್ರವಿದ್ದರೆ, ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಜೊತೆಗೆ ಎಂಟರ್‌ಪ್ರೈಸ್ ಇನ್‌ಫರ್ಮೇಶನ್ ಸಿಸ್ಟಮ್ಸ್ ಎಂಬ ಭಾಗವಿದ್ದರೆ, ಅದು ಹಳೆಯ ಯೋಜನೆಯದು. ಈಗಿನ ಕಾನೂನು ಪತ್ರಿಕೆಯಲ್ಲಿ ಕಂಪನಿ ಕಾಯ್ದೆಯ ಜೊತೆಗೆ ಎಲ್‌ಎಲ್‌ಪಿ ಕಾಯ್ದೆ ಮತ್ತು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಇರಬೇಕು. ಆದಾಯ ತೆರಿಗೆಗೆ 50 ಹಾಗೂ ಜಿಎಸ್‌ಟಿಗೆ 50 ಅಂಕ ಎಂದು ತೆರಿಗೆಯ ಪತ್ರಿಕೆ ಸಮನಾಗಿ ಹಂಚಿಕೆಯಾಗಿರಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲೀ ನಿಮ್ಮೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಾಗಲೀ ಕೊಳ್ಳುವಾಗ ರಕ್ಷಾಪುಟವನ್ನು ನಂಬದೆ ಪರಿವಿಡಿಯನ್ನು ತೆರೆದು ನೋಡಿ. 'ಹೊಸ ಸಿಲಬಸ್' ಎಂಬ ಮಾತು ಪ್ರತಿ ಯೋಜನೆಯ ಆರಂಭದಲ್ಲೂ ರಕ್ಷಾಪುಟದ ಮೇಲೆ ಬಂದದ್ದೇ. 2018ರ ಪುಸ್ತಕದ ಮೇಲೂ ಅದು ಇದೆ.

ಹಂತ 3: ಸಂಸ್ಥೆಯ ಸಾಮಗ್ರಿಯನ್ನು ಮೊದಲು ಕೈಗೆ ತೆಗೆದುಕೊಳ್ಳಿ

ಐಸಿಎಐಯ ಬೋರ್ಡ್ ಆಫ್ ಸ್ಟಡೀಸ್ ಸಿದ್ಧಪಡಿಸುವ ಸಾಮಗ್ರಿಯೆಲ್ಲವೂ ಅದರ ನಾಲೆಡ್ಜ್ ಪೋರ್ಟಲ್‌ನಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಮುದ್ರಿತ ಪ್ರತಿಗಳನ್ನು ಸಂಸ್ಥೆಯ ಕೇಂದ್ರೀಕೃತ ವಿತರಣಾ ವ್ಯವಸ್ಥೆಯ ಮೂಲಕ ತರಿಸಿಕೊಳ್ಳಬಹುದು. ಇದರಲ್ಲಿ ಐದು ಬಗೆಯವು ನಿಮಗೆ ಬೇಕು, ಮತ್ತು ಅವುಗಳ ಕೆಲಸ ಬೇರೆ ಬೇರೆ.

ಮೊದಲನೆಯದು ಸ್ಟಡಿ ಮೆಟೀರಿಯಲ್. ವಿದ್ಯಾರ್ಥಿಗಳು ಇದನ್ನು 'ಮಾಡ್ಯೂಲ್' ಎಂದೇ ಕರೆಯುತ್ತಾರೆ. ಅಧ್ಯಾಯದ ವಿವರಣೆ, ನಡುನಡುವೆ ಬಿಡಿಸಿದ ಲೆಕ್ಕಗಳು, ಕೊನೆಯಲ್ಲಿ 'ಟೆಸ್ಟ್ ಯುವರ್ ನಾಲೆಡ್ಜ್' ಎಂಬ ಅಭ್ಯಾಸ ಮತ್ತು ಉತ್ತರಗಳು ಇದರಲ್ಲಿರುತ್ತವೆ. ಯಾವ ಅಟೆಂಪ್ಟ್‌ನಿಂದ ಮುಂದಕ್ಕೆ ಆ ಆವೃತ್ತಿ ಅನ್ವಯಿಸುತ್ತದೆ ಎಂಬುದನ್ನು ಪೋರ್ಟಲ್‌ನಲ್ಲಿ ನಮೂದಿಸಿರುತ್ತಾರೆ. ಎರಡನೆಯದು ಸ್ಟ್ಯಾಚುಟರಿ ಅಪ್‌ಡೇಟ್: ಮಾಡ್ಯೂಲ್ ಅಚ್ಚಾದ ಮೇಲೆ ಆದ ಕಾನೂನು ಬದಲಾವಣೆಗಳ ಪ್ರತ್ಯೇಕ ಕಿರುಹೊತ್ತಿಗೆ. ಮೂರನೆಯದು ಆರ್‌ಟಿಪಿ, ಅಂದರೆ ರಿವಿಷನ್ ಟೆಸ್ಟ್ ಪೇಪರ್. ಪ್ರತಿ ಅಟೆಂಪ್ಟ್‌ಗೂ ಹೊಸದಾಗಿ ಬರುವ, ಉತ್ತರಸಹಿತವಾದ ಪ್ರಶ್ನೆಗಳ ಕಟ್ಟು. ನಾಲ್ಕನೆಯದು ಎಂಟಿಪಿ ಎಂಬ ಮಾದರಿ ಪ್ರಶ್ನೆಪತ್ರಿಕೆ. ಐದನೆಯದು ಸಜೆಸ್ಟೆಡ್ ಆನ್ಸರ್ಸ್: ನಡೆದುಹೋದ ಪರೀಕ್ಷೆಗಳ ಪ್ರಶ್ನೆಗಳಿಗೆ ಸಂಸ್ಥೆಯೇ ಕೊಡುವ ಉತ್ತರಗಳು.

ಈ ಐದರಲ್ಲಿ ಹೆಚ್ಚು ಉಪೇಕ್ಷೆಗೆ ಒಳಗಾಗುವುದು ಸಜೆಸ್ಟೆಡ್ ಆನ್ಸರ್ಸ್, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದೂ ಅದೇ. ಕಂಪನಿ ಕಾನೂನಿನ ಒಂದು ಪ್ರಶ್ನೆಗೆ ಮೊದಲು ಕಾಯ್ದೆ ಏನು ಹೇಳುತ್ತದೆ, ಅನಂತರ ಪ್ರಶ್ನೆಯಲ್ಲಿರುವ ಸಂಗತಿಗೆ ಅದು ಹೇಗೆ ಹೊಂದುತ್ತದೆ, ಕೊನೆಗೆ ತೀರ್ಮಾನವೇನು ಎಂಬ ಮೂರು ಪ್ಯಾರಾಗಳಲ್ಲಿ ಉತ್ತರವನ್ನು ಜೋಡಿಸಿರುವುದು ಅಲ್ಲಿ ಕಾಣುತ್ತದೆ. ವಿಷಯ ಗೊತ್ತಿದ್ದೂ ಅಂಕ ಬರಲಿಲ್ಲವೆಂದು ಕೊರಗುವವರ ಉತ್ತರಗಳಲ್ಲಿ ಹಲವು ಸಲ ಈ ಜೋಡಣೆಯೇ ಇರುವುದಿಲ್ಲ. ಆದರೆ ಒಂದು ಎಚ್ಚರ: ಸಜೆಸ್ಟೆಡ್ ಆನ್ಸರ್ಸ್ ಆಯಾ ಪರೀಕ್ಷೆಯ ಕಾಲದ ಕಾನೂನಿನಂತೆ ಬರೆದವು. ಎರಡು ವರ್ಷ ಹಿಂದಿನ ತೆರಿಗೆಯ ಉತ್ತರವನ್ನು ಮಾದರಿಯಾಗಿ ನೋಡಿ, ದರಗಳನ್ನು ಮಾತ್ರ ಅದರಿಂದ ಎತ್ತಿಕೊಳ್ಳಬೇಡಿ.

ಹಂತ 4: ಪತ್ರಿಕೆವಾರು ಏನು ಸಾಲದು ಎಂದು ಗುರುತಿಸಿ

ಆರೂ ಪತ್ರಿಕೆಗೆ ಆರು ಖಾಸಗಿ ಪುಸ್ತಕ ಎಂಬ ಲೆಕ್ಕ ಬೇಡ. ಪ್ರತಿ ಪತ್ರಿಕೆಯ ಮಾಡ್ಯೂಲ್‌ನಲ್ಲಿ ಒಂದು ಮಧ್ಯಮ ಗಾತ್ರದ ಅಧ್ಯಾಯವನ್ನು ಪೂರ್ತಿಯಾಗಿ ಓದಿ, ಅದರ ಅಭ್ಯಾಸದ ಪ್ರಶ್ನೆಗಳನ್ನು ಬಿಡಿಸಿ ನೋಡಿ. ಎಲ್ಲಿ ತೊಡಕಾಯಿತು ಎಂಬುದು ಆಗ ತಿಳಿಯುತ್ತದೆ: ವಿವರಣೆ ಅರ್ಥವಾಗಲಿಲ್ಲವೇ, ಅರ್ಥವಾದರೂ ಲೆಕ್ಕ ಬಿಡಿಸಲು ಬರಲಿಲ್ಲವೇ, ಓದಿದ್ದು ನೆನಪಿನಲ್ಲಿ ನಿಲ್ಲುತ್ತಿಲ್ಲವೇ. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪಾಠ ಬೇಕು. ಎರಡನೆಯದಕ್ಕೆ ಹೆಚ್ಚು ಲೆಕ್ಕಗಳಿರುವ ಪುಸ್ತಕ ಬೇಕು. ಮೂರನೆಯದಕ್ಕೆ ನೀವೇ ಬರೆದ ಸಂಕ್ಷಿಪ್ತ ಟಿಪ್ಪಣಿ ಬೇಕೇ ಹೊರತು ಇನ್ನೊಂದು ಪುಸ್ತಕವಲ್ಲ.

ಪತ್ರಿಕೆಗಳ ಸ್ವಭಾವವನ್ನೂ ಗಮನದಲ್ಲಿಡಿ. ಆಡಿಟಿಂಗ್‌ಗೆ ಮಾಡ್ಯೂಲೇ ಮುಖ್ಯ ಪಠ್ಯವಾಗಲಿ. ಆಡಿಟಿಂಗ್‌ನ ಮಾನದಂಡಗಳಲ್ಲಿ, ಅಂದರೆ ವಿದ್ಯಾರ್ಥಿಗಳು ಎಸ್‌ಎ ಎನ್ನುವ ಸಂಖ್ಯಾಬದ್ಧ ನಿಯಮಗಳಲ್ಲಿ, ಒಂದೊಂದು ಪದಕ್ಕೂ ನಿರ್ದಿಷ್ಟ ಅರ್ಥವಿರುತ್ತದೆ. ಅದನ್ನು ಸರಳಗೊಳಿಸಿದ ನೋಟ್ಸ್ ಓದಿದವರು ಉತ್ತರದಲ್ಲೂ ಸರಳಗೊಳಿಸಿಯೇ ಬರೆಯುತ್ತಾರೆ, ಅಂಕ ಅಲ್ಲಿ ಸೋರಿಹೋಗುತ್ತದೆ. ಕಾನೂನಿಗೂ ಇದೇ ಮಾತು. ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್‌ಗೆ ಮಾಡ್ಯೂಲ್ ಬಿಟ್ಟು ಬೇರೇನೂ ಬೇಕಿಲ್ಲ. ಕಾಸ್ಟಿಂಗ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್, ಅಡ್ವಾನ್ಸ್ಡ್ ಅಕೌಂಟಿಂಗ್ ಈ ಮೂರಕ್ಕೆ ಹೆಚ್ಚಿನ ಲೆಕ್ಕಗಳ ಅಭ್ಯಾಸ ಬೇಕಾಗುತ್ತದೆ. ಅದಕ್ಕೆ 'ಕಂಪೈಲರ್' ಎಂದು ಮಾರುಕಟ್ಟೆಯಲ್ಲಿ ಸಿಗುವ ಪುಸ್ತಕ, ಅಂದರೆ ಹಿಂದಿನ ಪರೀಕ್ಷೆ, ಆರ್‌ಟಿಪಿ, ಎಂಟಿಪಿಗಳ ಪ್ರಶ್ನೆಗಳನ್ನು ಅಧ್ಯಾಯವಾರು ಜೋಡಿಸಿಕೊಟ್ಟ ಸಂಗ್ರಹ, ಒಂದು ಸಾಕು. ಈ ಪ್ರಶ್ನೆಗಳೆಲ್ಲ ಪೋರ್ಟಲ್‌ನಲ್ಲಿ ಪುಕ್ಕಟೆ ಇವೆ. ನೀವು ಹಣ ಕೊಡುವುದು ಜೋಡಣೆಗೆ.

ಉತ್ತೀರ್ಣತೆಯ ನಿಯಮವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಹಾಗೂ ಗ್ರೂಪ್‌ನ ಒಟ್ಟು ಅಂಕದಲ್ಲಿ 50 ಶೇಕಡ ಬೇಕು. ಆದ್ದರಿಂದ ಮೆಚ್ಚಿನ ವಿಷಯಕ್ಕೆ ಮೂರು ಪುಸ್ತಕ ಪೇರಿಸಿ, ಹೆದರಿಕೆಯ ವಿಷಯವನ್ನು ಮುಟ್ಟದೆ ಇಡುವುದು ಅಪಾಯ. ಹೆಚ್ಚುವರಿ ಪುಸ್ತಕಕ್ಕೆಂದು ಹಣ ಎತ್ತಿಟ್ಟಿದ್ದರೆ ಅದು 40ರ ಗಡಿಯಲ್ಲಿ ತೂಗಾಡುವ ಪತ್ರಿಕೆಗೆ ಹೋಗಲಿ.

ಹಂತ 5: ಖಾಸಗಿ ಪುಸ್ತಕವನ್ನು ಒಂದು ಲೆಕ್ಕದಿಂದ ಪರೀಕ್ಷಿಸಿ

ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದಾಗ ಅಚ್ಚಿನ ಅಂದ, ಬಣ್ಣದ ಚಾರ್ಟು, ರ‍್ಯಾಂಕ್ ಪಡೆದವರ ಭಾವಚಿತ್ರಗಳನ್ನು ದಾಟಿ, ನಿಮಗೆ ಉತ್ತರ ಗೊತ್ತಿರುವ ಒಂದು ಲೆಕ್ಕವನ್ನು ಹುಡುಕಿ. ಅಡ್ವಾನ್ಸ್ಡ್ ಅಕೌಂಟಿಂಗ್‌ಗೆ ಷೇರು ಮರುಖರೀದಿಯ ಅಧ್ಯಾಯ, ಅಂದರೆ ಬೈಬ್ಯಾಕ್, ಒಳ್ಳೆಯ ಒರೆಗಲ್ಲು. ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ಕಂಪನಿಯೊಂದಕ್ಕೆ ₹10 ಮುಖಬೆಲೆಯ 5,00,000 ಈಕ್ವಿಟಿ ಷೇರುಗಳಿವೆ, ಅಂದರೆ ಬಂಡವಾಳ ₹50 ಲಕ್ಷ. ಮುಕ್ತ ಮೀಸಲು ₹70 ಲಕ್ಷ. ಸಾಲ ₹1.80 ಕೋಟಿ. ಷೇರೊಂದಕ್ಕೆ ₹20ರಂತೆ ಮರುಖರೀದಿ ಮಾಡಬೇಕಿದೆ. ಗರಿಷ್ಠ ಎಷ್ಟು ಷೇರು? ಕಂಪನಿ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಮೂರು ಪರೀಕ್ಷೆಗಳಿವೆ. ಇರುವ ಷೇರುಗಳ 25 ಶೇಕಡ ಎಂದರೆ 1,25,000. ಬಂಡವಾಳ ಮತ್ತು ಮುಕ್ತ ಮೀಸಲು ಸೇರಿದ ₹120 ಲಕ್ಷದ 25 ಶೇಕಡ ಎಂದರೆ ₹30 ಲಕ್ಷ. ₹20ರಂತೆ 1,50,000 ಷೇರು. ಮೂರನೆಯದು, ಮರುಖರೀದಿಯ ಬಳಿಕ ಸಾಲವು ಸ್ವಂತ ನಿಧಿಯ ಎರಡು ಪಟ್ಟನ್ನು ಮೀರಬಾರದು. ಹಾಗಾಗಿ ಕನಿಷ್ಠ ₹90 ಲಕ್ಷ ಉಳಿಯಬೇಕು.

ಪುಸ್ತಕದ ಗುಣ ಗೊತ್ತಾಗುವುದು ಇಲ್ಲಿ. 120ರಲ್ಲಿ 90 ಕಳೆದು, ಉಳಿದ ₹30 ಲಕ್ಷವನ್ನು ₹20ರಿಂದ ಭಾಗಿಸಿ 1,50,000 ಎಂದು ಬರೆದಿದ್ದರೆ ಆ ಪುಸ್ತಕವನ್ನು ಕೆಳಗಿಡಿ. ಮರುಖರೀದಿಯಾದ ಷೇರುಗಳ ಮುಖಬೆಲೆಯಷ್ಟು ಮೊತ್ತವು ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್‌ಗೆ ಹೋಗುತ್ತದೆ, ಅದು ಮುಕ್ತ ಮೀಸಲಲ್ಲ, ಆದ್ದರಿಂದ ಅದನ್ನೂ ಕಳೆಯಬೇಕು. ಷೇರೊಂದಕ್ಕೆ ಕೊಡುವ ₹20 ಮತ್ತು ರಿಸರ್ವ್‌ಗೆ ಹೋಗುವ ₹10 ಸೇರಿ ₹30 ಕರಗುತ್ತದೆ. ₹30 ಲಕ್ಷಕ್ಕೆ 1,00,000 ಷೇರು. ಮೂರರಲ್ಲಿ ಕನಿಷ್ಠವಾದದ್ದೇ ಉತ್ತರ: 1,00,000. ರಿಸರ್ವನ್ನು ಮರೆತ ಪುಸ್ತಕ 1,25,000 ಎಂದು ಹೇಳಿ, ನೋಡಲು ನಿರ್ದೋಷಿಯಂತಿರುವ ತಪ್ಪು ಉತ್ತರವನ್ನು ಕಲಿಸುತ್ತದೆ. ಉತ್ತರ ಸರಿಯಿದ್ದು ಕಾರಣ ಹೇಳದಿದ್ದರೂ ಆ ಪುಸ್ತಕ ಅರ್ಧ ಮಾತ್ರ ಉಪಯೋಗ. ಉಳಿದ ವಿಷಯಗಳಿಗೂ ಮಾಡ್ಯೂಲ್‌ನಿಂದ ಇಂಥ ಒಂದೊಂದು ಲೆಕ್ಕವನ್ನು ಗುರುತು ಹಾಕಿಕೊಂಡು ಅಂಗಡಿಗೆ ಹೋಗಿ.

ಪರೀಕ್ಷೆಯ ಸ್ವರೂಪಕ್ಕೆ ಪುಸ್ತಕ ಹೊಂದುತ್ತದೆಯೇ ಎಂಬುದನ್ನೂ ನೋಡಬೇಕು. ಪ್ರತಿ ಪತ್ರಿಕೆಯಲ್ಲಿ 30 ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ, 70 ಅಂಕ ವಿವರಣಾತ್ಮಕ ಉತ್ತರಗಳಿಗೆ. ಬಹು ಆಯ್ಕೆಯಲ್ಲಿ ಒಂದು ದೀರ್ಘ ಸನ್ನಿವೇಶ ಕೊಟ್ಟು ಅದರ ಮೇಲೆ ಹಲವು ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಕೇಸ್ ಸಿನಾರಿಯೊ ಎಂದು ಹೆಸರು. ಒಂದು ಸಾಲಿನ ಬಿಡಿ ಪ್ರಶ್ನೆಗಳನ್ನೇ ಸಾವಿರ ಸೇರಿಸಿರುವ ಪುಸ್ತಕ ಇದರ ಹಿಂದಿನ ಹಂತವಾದ ಫೌಂಡೇಶನ್‌ಗೆ ಸರಿಹೋದೀತು, ಇಂಟರ್‌ಗೆ ಅದರಿಂದ ಪ್ರಯೋಜನ ಕಡಿಮೆ.

ಹಂತ 6: ವಿಡಿಯೊ ಪಾಠಗಳಿಗೆ ಹಣ ಕೊಡುವ ಮುನ್ನ

ಬೋರ್ಡ್ ಆಫ್ ಸ್ಟಡೀಸ್ ಉಚಿತವಾಗಿ ಲೈವ್ ತರಗತಿಗಳನ್ನು ನಡೆಸುತ್ತದೆ. ಅವನ್ನು ಒಂದು ವಾರವಾದರೂ ನೋಡದೆ ಖಾಸಗಿ ಪಾಠಕ್ಕೆ ಹಣ ಕಟ್ಟಬೇಡಿ. ಖಾಸಗಿ ಪಾಠವೇ ಬೇಕೆಂದಾದರೆ ಮಾದರಿ ಪಾಠವನ್ನು ಪೂರ್ತಿ ನೋಡಿ. ಮುಖ್ಯವಾಗಿ ಭಾಷೆಯನ್ನು ಗಮನಿಸಿ. ಹೆಸರುವಾಸಿ ಪಾಠಗಳಲ್ಲಿ ಹಲವು ಹಿಂದಿ ಬೆರೆತ ಇಂಗ್ಲಿಷ್‌ನಲ್ಲಿವೆ. ನಮ್ಮ ಕಡೆಯ ಅನೇಕ ವಿದ್ಯಾರ್ಥಿಗಳು ಹಿಂದಿಯನ್ನು ಅರ್ಥಮಾಡಿಕೊಳ್ಳುವುದರಲ್ಲೇ ಅರ್ಧ ಗಮನ ಕಳೆದುಕೊಂಡು, ಕಾಸ್ಟಿಂಗ್ ತಮಗೆ ಕಠಿಣ ಎಂದು ತಿಳಿಯುತ್ತಾರೆ. ಇಂಗ್ಲಿಷ್ ಬ್ಯಾಚ್ ಎಂದು ಬೇರೆಯಾಗಿಯೇ ಇದೆಯೇ ಎಂದು ಕೇಳಿ.

ಅನಂತರ ಷರತ್ತುಗಳು. ಪಾಠದ ಅವಧಿ ಎಷ್ಟು ತಿಂಗಳು, ಒಂದು ವಿಡಿಯೊವನ್ನು ಎಷ್ಟು ಬಾರಿ ನೋಡಬಹುದು, ಫೋನಿನಲ್ಲಿ ತೆರೆಯುತ್ತದೆಯೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರವೇ, ಅಟೆಂಪ್ಟ್ ಮುಂದೆ ಹೋದರೆ ತಿದ್ದುಪಡಿಯ ಪಾಠಗಳು ಉಚಿತವೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. 'ಫಾಸ್ಟ್ ಟ್ರ್ಯಾಕ್' ಬ್ಯಾಚ್‌ಗಳು ಒಮ್ಮೆ ಓದಿದವರ ಪುನರಾವರ್ತನೆಗೆ ಮಾಡಿದವು. ಮೊದಲ ಓದಿಗೆ ಅವನ್ನು ಆರಿಸಬೇಡಿ. ಟೆಲಿಗ್ರಾಂನಲ್ಲಿ ಹರಿದಾಡುವ ಕದ್ದ ವಿಡಿಯೊಗಳು ಅಕ್ರಮವೆಂಬುದು ಹಾಗಿರಲಿ, ಅವು ಯಾವ ಅಟೆಂಪ್ಟ್‌ನವು ಎಂಬುದೇ ಗೊತ್ತಾಗುವುದಿಲ್ಲ.

ಹಂತ 7: ಕನ್ನಡ ಮಾಧ್ಯಮದಿಂದ ಬಂದವರು ಮಾಡಬೇಕಾದ್ದು

ಈ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಾಣಿಜ್ಯದಲ್ಲಿ ಇಂಗ್ಲಿಷ್‌ಗೆ ಹೊರಳಿದವರಿಗೆ ಮಾಡ್ಯೂಲ್‌ನ ಉದ್ದನೆಯ ವಾಕ್ಯಗಳು ಮೊದಲ ತಿಂಗಳಲ್ಲಿ ದಿಗಿಲು ಹುಟ್ಟಿಸುತ್ತವೆ. ಸುಲಭ ಭಾಷೆಯ ನೋಟ್ಸ್‌ಗೆ ಶರಣಾಗುವ ಆಸೆ ಆಗಲೇ ಬರುವುದು. ಅದರ ಬದಲು ಹೀಗೆ ಮಾಡಿ: ಒಂದು ವಿಷಯವನ್ನು ಕನ್ನಡದಲ್ಲೇ ಯೋಚಿಸಿ, ಅಂಚಿನಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಳ್ಳಿ, ಆದರೆ ಸೆಕ್ಷನ್‌ನ ಮುಖ್ಯ ಪದಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಇದ್ದ ಹಾಗೆಯೇ ಉಳಿಸಿಕೊಂಡು, ದಿನಕ್ಕೊಂದು ಉತ್ತರವನ್ನು ಇಂಗ್ಲಿಷ್‌ನಲ್ಲಿ ಬರೆದು ಸಜೆಸ್ಟೆಡ್ ಆನ್ಸರ್ಸ್‌ನೊಂದಿಗೆ ಹೋಲಿಸಿ. ಕಾನೂನು, ಆಡಿಟಿಂಗ್ ಎರಡಕ್ಕೆ ಈ ಕ್ರಮ ಸಾಕು. ಲೆಕ್ಕದ ಪತ್ರಿಕೆಗಳಲ್ಲಿ ಭಾಷೆಯ ತೊಡಕು ತಾನಾಗಿ ಕಡಿಮೆಯಾಗುತ್ತದೆ.

ಮುದ್ರಿತ ಪುಸ್ತಕಗಳನ್ನು ಕೊಳ್ಳುವ ಮುನ್ನ ಒಮ್ಮೆ ಕಣ್ಣಾಡಿಸಬೇಕೆಂದರೆ ಸಂಸ್ಥೆಯ ಶಾಖೆಗಳಲ್ಲಿ ವಿಚಾರಿಸಿ. ಬೆಂಗಳೂರು, ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿಗಳಲ್ಲಿ ಶಾಖೆಗಳಿವೆ.

ಹಂತ 8: ಪಟ್ಟಿಯನ್ನು ಮುಚ್ಚಿ, ಅಟೆಂಪ್ಟ್ ಬದಲಾದರೆ ಮಾತ್ರ ತೆರೆಯಿರಿ

ಪ್ರತಿ ಪತ್ರಿಕೆಗೆ ಒಂದು ಮಾಡ್ಯೂಲ್, ಬೇಕಾದಲ್ಲಿ ಒಂದು ಕಂಪೈಲರ್, ನಿಮ್ಮದೇ ಟಿಪ್ಪಣಿ. ಮೂರಕ್ಕೆ ಮೀರಬಾರದು. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಹೊಸ ಪುಸ್ತಕ ತರುವುದನ್ನು ಪೂರ್ತಿ ನಿಲ್ಲಿಸಿ; ಆ ಅವಧಿಯಲ್ಲಿ ಹೊಸದಾಗಿ ಬರಬೇಕಾದದ್ದು ನಿಮ್ಮ ಅಟೆಂಪ್ಟ್‌ನ ಆರ್‌ಟಿಪಿ, ಎಂಟಿಪಿ ಮತ್ತು ಸ್ಟ್ಯಾಚುಟರಿ ಅಪ್‌ಡೇಟ್ ಮಾತ್ರ. ಎಂಟಿಪಿಯನ್ನು ಓದುವ ಸಾಮಗ್ರಿಯಾಗಿ ಬಳಸದೆ, ಗಡಿಯಾರ ಇಟ್ಟು 3 ಗಂಟೆ ಕುಳಿತು ಬರೆಯಲು ಮೀಸಲಿಡಿ.

ಅಟೆಂಪ್ಟ್ ಮುಂದೆ ಹೋದರೆ ಎಲ್ಲವನ್ನೂ ಮತ್ತೆ ಕೊಳ್ಳಬೇಕೆಂದಿಲ್ಲ. ಕಾಸ್ಟಿಂಗ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಪುಸ್ತಕಗಳು ಯೋಜನೆ ಬದಲಾಗದಿರುವವರೆಗೆ ನಡೆಯುತ್ತವೆ. ಅಕೌಂಟಿಂಗ್, ಕಾನೂನು ಮತ್ತು ಆಡಿಟಿಂಗ್‌ಗೆ ಹೊಸ ಅಪ್‌ಡೇಟ್ ಸೇರಿಸಿಕೊಂಡರೆ ಸಾಮಾನ್ಯವಾಗಿ ಸಾಕು. ತೆರಿಗೆಯದನ್ನು ಮಾತ್ರ ಮೊದಲ ಹಂತದಿಂದ ಮತ್ತೆ ಪರಿಶೀಲಿಸಿ, ಅನ್ವಯವಾಗುವ ಕಾಯ್ದೆ ಬದಲಾಗಿದ್ದರೆ ಹಳೆಯ ಪುಸ್ತಕವನ್ನು ಮೇಜಿನಿಂದಲೇ ತೆಗೆದಿಡಿ. ಯಾವುದಾದರೂ ಪತ್ರಿಕೆಯಲ್ಲಿ 60 ಅಥವಾ ಹೆಚ್ಚು ಅಂಕ ಬಂದು ಗ್ರೂಪ್ ಆಗಿರದಿದ್ದರೆ, ಮುಂದಿನ 3 ಪರೀಕ್ಷೆಗಳಿಗೆ ಆ ಪತ್ರಿಕೆಯಿಂದ ವಿನಾಯಿತಿ ಸಿಗುತ್ತದೆ. ಆ ಪತ್ರಿಕೆಯ ಪುಸ್ತಕವನ್ನು ಮಾರುವ ಮುನ್ನ ಗ್ರೂಪ್ ಪೂರ್ಣವಾಗುವವರೆಗೆ ಕಾಯಿರಿ.